ಹಿಂಡಿ ಮೂಸುವ ಭಾವ

ನಮ್ಮ ಭಾವನ ಮುಖದಲ್ಲಿ ಮೂಗೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆ ಮೂಗೂ ನೋಡಲು ಚೆಂದವೇನಲ್ಲ. ತುದಿ ಉಬ್ಬಿ, ಹೊಳ್ಳೆ ಅಗಲವಾಗಿ, ಯಾರೋ ಅವಸರದಲ್ಲಿ ಅಂಟಿಸಿ ಹೋದ ಹಾಗಿದೆ. ಆದರೆ ಇಪ್ಪತ್ತಾರು ವರ್ಷ ಆ ಮೂಗು ಒಂದು ಫ್ಯಾಕ್ಟರಿಯನ್ನು ಸಾಕಿತು. ನಾನು ಅದೇ ಫ್ಯಾಕ್ಟರಿಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಅಂದರೆ ಹನ್ನೆರಡು ವರ್ಷದಿಂದ ಆ ಮೂಗನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ನೀವೇ ಕಂಡುಹಿಡಿದು ಆಡಿಕೊಳ್ಳುವುದು ಬೇಡ.

ನಮ್ಮದು ಹಸು ಎಮ್ಮೆಗಳಿಗೆ ಆಹಾರ ತಯಾರಿಸುವ ಫ್ಯಾಕ್ಟರಿ. ಬೇರೆ ಫ್ಯಾಕ್ಟರಿಗಳು ಬೇಡವೆಂದು ಹೊರಗೆ ಹಾಕುವುದೆಲ್ಲ ನಮ್ಮ ಗೇಟಿಗೆ ಬರುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹತ್ತಿಕಾಳಿನ ಹಿಂಡಿ, ಕಡಲೆಕಾಯಿ ಹಿಂಡಿ ಬರುತ್ತವೆ. ಬಿಯರ್ ಫ್ಯಾಕ್ಟರಿಯವರು ರಸ ತೆಗೆದುಕೊಂಡು ಬಿಟ್ಟ ಬಾರ್ಲಿ ಹಿಪ್ಪೆ ಬರುತ್ತದೆ. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವವರು ಉಳಿದ ಹಳದಿ ಪುಡಿಯನ್ನು ಕಳಿಸುತ್ತಾರೆ. ಮನುಷ್ಯ ತನಗೆ ಬೇಕಾದ್ದನ್ನು ಹಿಂಡಿಕೊಂಡು ಬಿಟ್ಟ ಸಿಪ್ಪೆಯಲ್ಲೇ ಹಸುವಿಗೆ ಬೇಕಾದ ಪ್ರೊಟೀನು ಕೂತಿರುತ್ತದೆ. ಅದನ್ನು ಸರಿಯಾಗಿ ಬೆರೆಸಿದರೆ ಹಸು ಹಾಲು ಕೊಡುತ್ತದೆ, ತಪ್ಪಾಗಿ ಬೆರೆಸಿದರೆ ಒದೆ ಕೊಡುತ್ತದೆ. ಎರಡನೆಯದು ಹಸುವಿನಿಂದ ಹಸುವಿನ ಮಾಲೀಕನಿಗೆ, ಅವನಿಂದ ನಮಗೆ ಬರುತ್ತದೆ.

ಹಾಗಾಗಿ ಲಾರಿ ಬಂದ ಕೂಡಲೇ ಅದರಲ್ಲಿರುವ ಮಾಲಿನಲ್ಲಿ ಪ್ರೊಟೀನು ಎಷ್ಟಿದೆ ಎಂದು ತಿಳಿಯಬೇಕು. ಅದಕ್ಕೇ ನಾನಿರುವುದು. ಒಂದು ಚಿಟಿಕೆ ಹಿಂಡಿಯನ್ನು ಆಸಿಡ್ಡಿಗೆ ಹಾಕಿ, ಹೀಟರಿನ ಮೇಲೆ ನಾಲ್ಕು ಗಂಟೆ ಕುದಿಸಿ, ಆವಿ ಹಿಡಿದು, ಹನಿಹನಿಯಾಗಿ ಮದ್ದು ಬಿಟ್ಟು, ಬಣ್ಣ ತಿರುಗುವುದನ್ನು ಕಾದು, ಲೆಕ್ಕ ಹಾಕಿ ಹೇಳುತ್ತೇನೆ: ಇಪ್ಪತ್ತೆರಡು ಪಾಯಿಂಟ್ ಒಂದು. ಅಷ್ಟರಲ್ಲಿ ಡ್ರೈವರು ಎರಡು ಸಲ ಟೀ ಕುಡಿದು, ಒಂದು ನಿದ್ದೆ ತೆಗೆದು, ನನ್ನ ಏಳು ತಲೆಮಾರನ್ನು ಬೈದು ಮುಗಿಸಿರುತ್ತಾನೆ. ಭಾವ ಹಾಗಲ್ಲ. ಮೂಟೆಗೆ ಕೈ ತೂರಿಸಿ ಒಂದು ಹಿಡಿ ತೆಗೆದು, ಮುಷ್ಟಿ ಬಿಗಿಹಿಡಿದು, ಬೆರಳ ಸಂದಿಯಿಂದ ಬಿಸಿ ಉಸಿರು ಊದಿ, ಎರಡು ಕ್ಷಣ ಬಿಟ್ಟು ಮೂಸುತ್ತಿದ್ದರು. "ಇಪ್ಪತ್ತೆರಡು" ಎನ್ನುತ್ತಿದ್ದರು. ಪಾಯಿಂಟ್ ಒಂದನ್ನು ನನ್ನ ಮರ್ಯಾದೆಗೆಂದು ಬಿಟ್ಟುಕೊಡುತ್ತಿದ್ದರು.

ನಾನು ಸೇರಿದ ಎರಡನೇ ವರ್ಷದಲ್ಲಿ ನಡೆದದ್ದಂತೂ ಇವತ್ತಿಗೂ ನುಂಗಲಾರದ ತುತ್ತು. ಒಂದು ಲಾರಿ ಕಡಲೆಕಾಯಿ ಹಿಂಡಿಗೆ ನನ್ನ ಮಿಷನ್ನು ನಲವತ್ತಾರು ತೋರಿಸಿತು. ಅಷ್ಟೊಳ್ಳೆ ಹಿಂಡಿ ಬಂದಿದ್ದೇ ಇಲ್ಲ ಎಂದು ನಾನು ಕುಣಿದಾಡುತ್ತ ಗೇಟಿಗೆ ಓಡಿದೆ. ಭಾವ ಒಂದು ಹಿಡಿ ಮೂಸಿ, ಮುಖ ಸಿಂಡರಿಸಿ, "ಯೂರಿಯಾ ಬೆರೆಸಿದ್ದಾರೆ, ವಾಪಸ್ ಕಳಿಸಿ" ಎಂದರು. ಬೆಳೆಗೆ ಹಾಕುವ ಬಿಳಿ ಗೊಬ್ಬರವದು. ಅದಕ್ಕೂ ಪ್ರೊಟೀನಿಗೂ ವ್ಯತ್ಯಾಸ ನನ್ನ ಮಿಷನ್ನಿಗೆ ತಿಳಿಯುವುದಿಲ್ಲ, ಎರಡಕ್ಕೂ ಒಂದೇ ಬಣ್ಣ ತಿರುಗಿಸುತ್ತದೆ. ಹಸುವಿನ ಹೊಟ್ಟೆಗೆ ತಿಳಿಯುತ್ತದೆ. ಅವತ್ತಿನಿಂದ ಡ್ರೈವರುಗಳೆಲ್ಲ ಅವರನ್ನು ಮೂಗಣ್ಣ ಎಂದು ಕರೆಯತೊಡಗಿದರು, ಯಜಮಾನರು ಲ್ಯಾಬಿನ ಖರ್ಚಿಗೆ ಮೂಗು ಮುರಿಯತೊಡಗಿದರು.

ಇಂಥ ಭಾವನಿಗೆ ಈ ವರ್ಷ ಒಂದು ಜ್ವರ ಬಂತು. ಹತ್ತು ದಿನ ಮಲಗಿದ್ದು ಎದ್ದು ಬಂದರು. ಸ್ವಲ್ಪ ಇಳಿದಿದ್ದರು, ಅಷ್ಟೇ. ಮತ್ತೆ ಅದೇ ಗೇಟು, ಅದೇ ಸ್ಟೂಲು, ಅದೇ ಮುಷ್ಟಿ, ಅದೇ ಉಸಿರು. ಯಾರಿಗೂ ಏನೂ ಅನ್ನಿಸಲಿಲ್ಲ.

ನನಗೆ ಅನ್ನಿಸಿದ್ದು ರೇಷ್ಮೆ ಹುಳ ಬಂದ ದಿನ. ದಾರ ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳವನ್ನು ಒಣಗಿಸಿ ಪುಡಿ ಮಾಡಿದರೆ ಅದರಲ್ಲಿ ಪ್ರೊಟೀನು ಐವತ್ತರ ಮೇಲಿದೆಯಂತೆ. ಯಜಮಾನರು ಅದನ್ನು ಯಾರಿಂದಲೋ ಕೇಳಿ ಪರೀಕ್ಷೆಗೆಂದು ಎರಡು ಮೂಟೆ ತರಿಸಿದ್ದರು. ಮೂಟೆಯ ಬಾಯಿ ಬಿಚ್ಚಿದ್ದೇ ತಡ, ಮೂಟೆ ಹೊರುವವರು ಬೇಲಿಯಾಚೆ, ವಾಚ್‌ಮನ್ ರಸ್ತೆಯಾಚೆ, ಯಜಮಾನರು ಕಾರಿನೊಳಗೆ. ನಾನು ಲ್ಯಾಬಿನ ಕಿಟಕಿ ಮುಚ್ಚಿ ಸೆರಗನ್ನು ಮೂಗಿಗೆ ಎರಡು ಸುತ್ತು ಹಾಕಿಕೊಂಡು ಗಾಜಿನಿಂದ ನೋಡುತ್ತೇನೆ: ಭಾವ ಆ ಮೂಟೆಗೆ ಬೆನ್ನು ಆನಿಸಿ ಕೂತು, ಡಬ್ಬಿ ಬಿಚ್ಚಿ, ನಿಧಾನವಾಗಿ ಊಟ ಮಾಡುತ್ತಿದ್ದಾರೆ! ತಳದಲ್ಲಿ ಅಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದರು.

"ನೋಡಿದ್ರಾ? ಇದು ತಪಸ್ಸು ಕಣ್ರಿ" ಎಂದರು ಯಜಮಾನರು, ಕಾರಿನ ಗಾಜನ್ನು ಒಂದಿಂಚು ಇಳಿಸಿ.

ತಪಸ್ಸೂ ಇಲ್ಲ, ಗಿಪಸ್ಸೂ ಇಲ್ಲ. ಈ ಮನುಷ್ಯ ನಮ್ಮಕ್ಕನ ಮನೆಯಲ್ಲಿ ಪಕ್ಕದ ಮನೆಯವರು ಸೋಪು ಬದಲಾಯಿಸಿದ್ದನ್ನು ಕೂತಲ್ಲೇ ಹೇಳುತ್ತಿದ್ದವರು. ಸಂಜೆ ಎಲ್ಲರೂ ಹೋದ ಮೇಲೆ ಅವರನ್ನು ಲ್ಯಾಬಿಗೆ ಕರೆದು, ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿದೆ. ನನ್ನ ಕಣ್ಣಲ್ಲಿ ಬಳಬಳ ನೀರು. ಅವರ ಕಣ್ಣಲ್ಲೂ ನೀರು ಬಂತು, ಆದರೆ ಮುಖ ಮಾತ್ರ ಗೋಡೆ ನೋಡಿದಂತೆ ನೋಡುತ್ತಿತ್ತು.

"ಎಷ್ಟು ದಿನ ಆಯ್ತು ಭಾವ?"

"ಜ್ವರ ಬಿಟ್ಟಾಗಿಂದ. ನಲವತ್ತು ದಿನ ಆಗಿರಬೇಕು. ಬಾಗಿಲು ಹಾಕಮ್ಮ, ಯಾರಾದ್ರೂ ಕೇಳಿಸ್ಕೊಂಡಾರು."

"ನಲವತ್ತು ದಿನದಿಂದ ಲಾರಿ ಪಾಸ್ ಮಾಡ್ತಿದ್ದೀರಲ್ಲ, ಹೇಗೆ?"

"ಅದಕ್ಕೇನು, ನೀನಿದ್ದೀಯಲ್ಲ ಲ್ಯಾಬಮ್ಮ" ಎಂದರು ಭಾವ, ಸ್ವಲ್ಪ ನಾಚಿಕೊಂಡು. "ಬೆಳಗ್ಗೆ ಬಂದಾಗ ಇವತ್ತಿನ ಹತ್ತಿ ಹಿಂಡಿ ಹೇಗಿರಬಹುದು ಅಂತ ನಿನ್ನ ಸುಮ್ನೆ ಕೇಳ್ತೀನಲ್ಲ. ನೀನು ಇಪ್ಪತ್ತೆರಡರ ಮೇಲೇ ಇರುತ್ತೆ ಅಂತೀಯ. ನಾನು ಹೋಗಿ ಡ್ರೈವರಿಗೆ ಇಪ್ಪತ್ತೆರಡು ಅಂತೀನಿ. ನಿನ್ನ ಮಿಷನ್ ಸುಳ್ಳು ಹೇಳಲ್ಲ ನೋಡು."

ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅವರು ಜ್ವರದಿಂದ ಎದ್ದು ಬಂದ ವಾರವೇ ನನ್ನ ಹೀಟರು ಸುಟ್ಟುಹೋಗಿತ್ತು. ಹೊಸದು ಬೇಕೆಂದು ಕೇಳಿದ್ದಕ್ಕೆ ಯಜಮಾನರು, "ಮುಂದಿನ ತಿಂಗಳು ನೋಡೋಣ, ನಿಮ್ಮ ಭಾವ ಇದ್ದಾರಲ್ಲ" ಎಂದಿದ್ದರು. ನನಗೋ ಅವಮಾನ. ನನ್ನ ಮಿಷನ್ನು ಸತ್ತಿದೆ ಎಂದು ಗೇಟಿನವರೆಗೆ ಸುದ್ದಿ ಹೋಗಬಾರದೆಂದು ಲ್ಯಾಬಿನ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದೆ. ಭಾವ ಗೇಟಿನಲ್ಲಿ ಇಪ್ಪತ್ತೆರಡು ಎಂದರೆ ನಾನು ರಿಜಿಸ್ಟರಿನಲ್ಲಿ ಇಪ್ಪತ್ತೆರಡು ಪಾಯಿಂಟ್ ಮೂರು ಎಂದು ಬರೆಯುತ್ತಿದ್ದೆ. ಪಾಯಿಂಟ್ ಮೂರು ನನ್ನ ಸ್ವಂತ ದುಡಿಮೆ.

"ಭಾವ, ನಾನು ಇಪ್ಪತ್ತೆರಡರ ಮೇಲೆ ಅಂದಿದ್ದು ಮಿಷನ್ ನೋಡಿ ಅಲ್ಲ. ಹಿಂದಿನ ವಾರ ನೀವು ಇಪ್ಪತ್ತೆರಡು ಅಂದಿದ್ರಲ್ಲ, ಅದಕ್ಕೆ."

"ಹಿಂದಿನ ವಾರ ನಾನು ಅಂದಿದ್ದು ಅದರ ಹಿಂದಿನ ವಾರ ನೀನು ಅಂದಿದ್ದಕ್ಕೆ."

"ಅದರ ಹಿಂದಿನ ವಾರ ನಾನು ಅಂದಿದ್ದು ನೀವು..."

ಹೀಗೆ ಹಿಂದೆ ಹಿಂದೆ ಹೋಗಿ ಇಬ್ಬರೂ ಹೀಟರು ಸುಟ್ಟ ಹಿಂದಿನ ದಿನಕ್ಕೆ ಹೋಗಿ ನಿಂತೆವು. ಆ ದಿನದ ಹತ್ತಿ ಹಿಂಡಿಯೊಂದೇ ನಿಜವಾದ ಇಪ್ಪತ್ತೆರಡು. ಆಮೇಲೆ ಬಂದದ್ದೆಲ್ಲ ಆ ಇಪ್ಪತ್ತೆರಡರ ಮಕ್ಕಳು, ಮೊಮ್ಮಕ್ಕಳು. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ ನಾವಿಬ್ಬರೂ ನಲವತ್ತು ದಿನ ಒಬ್ಬರ ಕೈ ಒಬ್ಬರು ಹಿಡಿದು ನಡೆದಿದ್ದೆವು. ನಮ್ಮ ಹಿಂದೆ ಸಾವಿರಾರು ಹಸುಗಳು ನಂಬಿ ಬರುತ್ತಿದ್ದವು.

"ಅಲ್ಲ, ನಾಲ್ಕು ಲಾರಿ ವಾಪಸ್ ಕಳಿಸಿದ್ರಲ್ಲ ನಡುವೆ? ಅದು ಯಾವ ಲೆಕ್ಕದ ಮೇಲೆ?"

"ಡ್ರೈವರ್ ಮುಖ" ಎಂದರು ಭಾವ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಾನಲ್ಲ, ಹಾಗೆ. ಒಳ್ಳೆ ಮಾಲು ತಂದೋನು ಕೆಳಗಿಳಿದು ಬೈತಾನೆ, ಬೇಗ ಬಿಡಿ ಅಂತಾನೆ. ಹಾಳು ಮಾಲು ತಂದೋನು ನನ್ನ ಆರೋಗ್ಯ ವಿಚಾರಿಸ್ತಾನೆ. ಅಂಥ ನಾಲ್ಕು ಜನ ಹೇಗಿದ್ದೀಯಣ್ಣ ಅಂತ ಕೇಳಿದ್ರು, ವಾಪಸ್ ಕಳಿಸ್ದೆ."

ನಗು ಬಂತು, ತಡೆಯಲಾರದೆ ನಕ್ಕೆ. ಅವರು ನಗಲಿಲ್ಲ. ತಮ್ಮ ಅಂಗೈಯನ್ನೇ ನೋಡುತ್ತ ಕೂತಿದ್ದರು. "ಇನ್ನೆರಡು ವರ್ಷ ಇದೆಯಮ್ಮ ನಂಗೆ. ಗೇಟಿಂದ ಎಬ್ಬಿಸಿ ಗೋಡೌನ್ ಗುಡಿಸೋಕೆ ಹಾಕಿದ್ರೆ ಗುಡಿಸ್ತೀನಿ, ಅದಕ್ಕೆ ಬೇಜಾರಿಲ್ಲ. ಆದ್ರೆ ಆ ಡ್ರೈವರುಗಳ ಮುಂದೆ ನಾನು ಯಾರು ಹೇಳು? ಮೂಗಿಲ್ಲದ ಮೂಗಣ್ಣ." ನನ್ನ ಹನ್ನೆರಡು ವರ್ಷದ ಹೊಟ್ಟೆಕಿಚ್ಚು ಆ ಕ್ಷಣದಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಾಪ ಅನ್ನಿಸಿತು, ತುಂಬಾ ಪಾಪ ಅನ್ನಿಸಿತು.

ಮರುದಿನವೇ ಯಜಮಾನರ ಹತ್ತಿರ ಹೋಗಿ ಹೀಟರು ಬೇಕೇ ಬೇಕು ಎಂದು ಹಟ ಹಿಡಿದೆ. ಅವರು ನನ್ನ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಮುಖ ಅರಳಿಕೊಂಡು ಕೂತಿದ್ದರು. ದೊಡ್ಡ ಡೇರಿಯೊಂದು ತನ್ನ ಅಷ್ಟೂ ಹಸುಗಳಿಗೆ ನಮ್ಮಿಂದಲೇ ಆಹಾರ ತೆಗೆದುಕೊಳ್ಳುವ ಯೋಚನೆಯಲ್ಲಿದೆಯಂತೆ. ಅಲ್ಲಿಯ ದನದ ಡಾಕ್ಟರಮ್ಮ ಹತ್ತು ದಿನ ಬಿಟ್ಟು ಬರುತ್ತಾರಂತೆ. ಮೂಗಣ್ಣನ ಕೀರ್ತಿ ಅವರ ಕಿವಿಗೂ ಬಿದ್ದು, ಕಣ್ಣಾರೆ ಪರೀಕ್ಷೆ ಮಾಡಬೇಕು ಎಂದಿದ್ದಾರಂತೆ. ಯಜಮಾನರು ಆಗಲೇ ಹೊಸ ಮೂಟೆಯ ಮೇಲೆ ಅಚ್ಚು ಹಾಕಿಸಲು ಒಂದು ಚಿತ್ರ ಬರೆಸಿದ್ದರು. ಕಾಗದ ತೆರೆದು ತೋರಿಸಿದರು. ಭಾವನ ಮೂಗು. ಕೆಳಗೆ "ಮೂಗು ಮಾರ್ಕ್ ಪಶು ಆಹಾರ" ಎಂದು ಬರೆದಿತ್ತು.

"ಹೊಳ್ಳೆ ಸ್ವಲ್ಪ ಚಿಕ್ಕದು ಮಾಡಿಸಿದ್ದೀನಿ, ಹಸು ಹೆದರಬಾರದಲ್ಲ" ಎಂದರು. "ಇಂಥ ಮೂಗು ಇರೋವಾಗ ನಿಮಗ್ಯಾಕ್ರಿ ಹೀಟರು?"

ಸತ್ಯ ಹೇಳಬೇಕಾದ ಜಾಗ ಅದು. ನಾನು ಹೇಳಲಿಲ್ಲ. ಹೇಳಿದರೆ ಭಾವನ ಜೊತೆ ನನ್ನ ಪಾಯಿಂಟ್ ಮೂರುಗಳೂ ಬಯಲಾಗುತ್ತಿದ್ದವು. ಗೇಟಿಗೆ ಬಂದು ಭಾವನಿಗೆ ಪರೀಕ್ಷೆಯ ವಿಷಯ ಹೇಳಿದೆ.

ಅದೇ ವಾರ ಅಕ್ಕ ನನ್ನ ಮನೆಗೆ ಬಂದಳು. ಬಂದವಳೇ ಬಾಗಿಲು ಹಾಕಿ, ದನಿ ತಗ್ಗಿಸಿ, "ನಿಮ್ಮ ಭಾವಂಗೆ ಏನೋ ಆಗಿದೆ ಕಣೇ" ಎಂದಳು.

"ಏನಾಯ್ತು?"

"ಹೊಗಳ್ತಿದ್ದಾರೆ."

"ಯಾರನ್ನ?"

"ನನ್ನ ಅಡುಗೇನ! ಮದುವೆಯಾಗಿ ಮೂವತ್ತು ವರ್ಷ ಆಯ್ತು. ಎಣ್ಣೆ ಹಳೇದು, ಹಾಲು ನಿನ್ನೇದು, ಒಗ್ಗರಣೆ ಸೀದಿದೆ ಅಂತ ಹುಳುಕು ಹುಡುಕದ ದಿನ ಇಲ್ಲ. ಈಗ ತಿಂಗಳ ಮೇಲಾಯ್ತು, ಏನು ಹಾಕಿದ್ರೂ ಚೆನ್ನಾಗಿದೆ ಅಂತಾರೆ. ನಿನ್ನೆ ಬೇಕಂತಲೇ ತಳ ಹಿಡಿಸಿ ಇಟ್ಟೆ. ಮನೆಯೆಲ್ಲ ಹೊಗೆ. ಚೆನ್ನಾಗಿದೆ, ಇನ್ನೊಂಚೂರು ಹಾಕು ಅಂದ್ರು. ಗಂಡಸು ಹೀಗೆ ಹೊಗಳ್ತಾನೆ ಅಂದ್ರೆ ಎಲ್ಲೋ ಏನೋ ತಪ್ಪು ಮಾಡ್ಕೊಂಡಿದ್ದಾನೆ ಅಂತಲೇ ಅರ್ಥ. ಯಾರವಳು? ನಿನ್ನ ಫ್ಯಾಕ್ಟರಿಯವಳಾ?"

ಭಾವನ ಸಂಸಾರ ಉಳಿಸಲು ನಾನು ಭಾವನ ಗುಟ್ಟು ಬಿಟ್ಟುಕೊಡಬೇಕಾಯಿತು. ಅಕ್ಕ ಕೇಳಿ ಮೊದಲು ಉಸ್ಸೆಂದು ಉಸಿರುಬಿಟ್ಟಳು. ಆಮೇಲೆ, "ಹಾಗಾದ್ರೆ ಚೆನ್ನಾಗಿದೆ ಅಂದಿದ್ದೆಲ್ಲ ಸುಳ್ಳಾ?" ಎಂದು ಸಿಟ್ಟಾದಳು. ಕೊನೆಗೆ, "ನಾನು ಮನೇಲಿಲ್ಲದಾಗ ಗ್ಯಾಸ್ ಸೋರಿದ್ರೂ ಗೊತ್ತಾಗಲ್ವಲ್ಲೇ ಇವರಿಗೆ" ಎಂದು ಅಳತೊಡಗಿದಳು. ಮೂರೂ ಒಂದೇ ಲೋಟ ಕಾಫಿ ಮುಗಿಯುವುದರೊಳಗೆ ಆಯಿತು.

ಕೆಮ್ಮಿನ ಉಪಾಯ ನನ್ನದೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥದ್ದು. ಯಜಮಾನರು ಹೇಳಿದ ಪ್ರಕಾರ ಡಾಕ್ಟರಮ್ಮ ಬಟ್ಟಲುಗಳಲ್ಲಿ ಬೇರೆ ಬೇರೆ ಮಾಲು ಇಟ್ಟು, ಭಾವನ ಕಣ್ಣು ಕಟ್ಟಿ ಮೂಸಲು ಹೇಳುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಹತ್ತಿ ಹಿಂಡಿಗೆ ಒಂದು ಕೆಮ್ಮು, ಕಡಲೆಕಾಯಿಗೆ ಎರಡು, ಬಾರ್ಲಿ ಹಿಪ್ಪೆಗೆ ಮೂರು, ಜೋಳದ ಪುಡಿಗೆ ನಾಲ್ಕು, ರೇಷ್ಮೆ ಹುಳಕ್ಕೆ ಐದು. ಭಾವ ಮೊದಲು ಒಪ್ಪಲಿಲ್ಲ. "ಇದು ಮೋಸ ಅಲ್ವಾ?" ಎಂದರು. "ನಲವತ್ತು ದಿನ ಮಾಡಿದ್ದು ಏನು ಮತ್ತೆ?" ಎಂದೆ. ಒಂದು ವಾರ ಗೋಡೌನಿನ ಹಿಂದೆ ನಿಂತು ಅಭ್ಯಾಸ ಮಾಡಿದೆವು. ಮೂಟೆ ಹೊರುವವರು ನನಗೆ ಶುಂಠಿ ತಂದುಕೊಟ್ಟರು.

ಡಾಕ್ಟರಮ್ಮ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ದನದ ಹಲ್ಲು ನೋಡುವ ಕಣ್ಣಲ್ಲೇ ನಮ್ಮೆಲ್ಲರನ್ನೂ ನೋಡಿದರು. ಯಜಮಾನರ ಆಫೀಸಿನ ಮೇಜಿನ ಮೇಲೆ ಆರು ಸ್ಟೀಲ್ ಬಟ್ಟಲುಗಳನ್ನು ತಾವೇ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಭಾವನ ಕಣ್ಣು ಕಟ್ಟಿಸಿ, ಕೈಗಳನ್ನು ಹಿಂದಕ್ಕೆ ಹಿಡಿಯಲು ಹೇಳಿದರು. ಮೊದಲನೇ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ನಾನು ಎರಡು ಸಲ ಕೆಮ್ಮಿದೆ.

"ಕಡಲೆಕಾಯಿ ಹಿಂಡಿ" ಎಂದರು ಭಾವ. ಅಷ್ಟಕ್ಕೇ ಬಿಡಬಾರದೇ? "ಗಾಣದವರು ಸ್ವಲ್ಪ ಸೋಮಾರಿಗಳು, ಎಣ್ಣೆ ಪೂರ್ತಿ ತೆಗೆದಿಲ್ಲ" ಎಂದು ಸೇರಿಸಿದರು. ಯಜಮಾನರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಎರಡನೆಯದಕ್ಕೆ ಮೂರು ಕೆಮ್ಮು. "ಬಾರ್ಲಿ ಹಿಪ್ಪೆ. ನಿನ್ನೆ ಬೆಳಗಿನದು." ಮೂರನೆಯದಕ್ಕೆ ನಾಲ್ಕು ಕೆಮ್ಮು. "ಜೋಳದ ಪುಡಿ." ಅಷ್ಟರಲ್ಲಿ ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀವು ಸ್ವಲ್ಪ ನೀರು ಕುಡೀರಿ, ಒಂದೊಂದು ಬಟ್ಟಲಿಗೂ ಜಾಸ್ತಿ ಆಗ್ತಾ ಇದೆ" ಎಂದರು. ನಾನು ಒಂದು ಲೋಟ ನೀರು ಗಟಗಟ ಕುಡಿದೆ.

ನಾಲ್ಕನೆಯದು ರೇಷ್ಮೆ ಹುಳ. ಬಟ್ಟೆ ತೆಗೆದದ್ದೇ ಯಜಮಾನರು ಕೆಮ್ಮಿದರು, ವಾಚ್‌ಮನ್ ಕೆಮ್ಮಿದ, ಟೀ ತಂದ ಹೆಂಗಸು ಕೆಮ್ಮಿದಳು, ಡಾಕ್ಟರಮ್ಮನೂ ಒಂದು ಸಲ ಕೆಮ್ಮಿದರು. ಅದರಲ್ಲಿ ನನ್ನ ಐದು ಎಲ್ಲಿ ಕಳೆದುಹೋದವೋ ದೇವರಿಗೇ ಗೊತ್ತು. ಭಾವ ತುಟಿ ಅಲುಗಿಸುತ್ತ ಎಣಿಸಲು ನೋಡಿದರು. ಹದಿಮೂರೋ ಹದಿನಾಲ್ಕೋ ಆಯಿತು. ನಮ್ಮ ಲೆಕ್ಕದಲ್ಲಿ ಹದಿನಾಲ್ಕಕ್ಕೆ ಯಾವ ಮಾಲೂ ಇರಲಿಲ್ಲ. ಕೊನೆಗೆ ಅವರು, "ಇಷ್ಟು ಜನ ಒಟ್ಟಿಗೆ ಕೆಮ್ತಿದ್ದಾರೆ ಅಂದ್ರೆ ಇದು ರೇಷ್ಮೆ ಹುಳನೇ" ಎಂದರು. ಯಜಮಾನರು ಚಪ್ಪಾಳೆ ತಟ್ಟಿದರು. ಅದು ಮೂಗಿನ ಮಾತಲ್ಲ, ಕಿವಿಯ ಮಾತು ಎಂದು ಅವರಿಗೆ ಹೊಳೆಯಲೇ ಇಲ್ಲ. ಡಾಕ್ಟರಮ್ಮ ಮಾತ್ರ ಭಾವನನ್ನು ಒಂದು ಕ್ಷಣ ಜಾಸ್ತಿ ನೋಡಿದರು.

"ಇನ್ನೆರಡು" ಎಂದರು ಅವರು. "ಎರಡೂ ಹತ್ತಿ ಹಿಂಡಿ, ಅದನ್ನ ನಾನೇ ಹೇಳ್ತೀನಿ. ಒಂದಕ್ಕೆ ಯೂರಿಯಾ ಬೆರೆಸಿದ್ದೀನಿ. ಯಾವುದನ್ನ ಗೇಟಿಂದ ವಾಪಸ್ ಕಳಿಸ್ತೀರಿ?"

ಬಟ್ಟಲುಗಳನ್ನು ನೋಡಿದೆ. ಎರಡರಲ್ಲೂ ಅದೇ ಕಂದು ಬಣ್ಣ, ಅದೇ ಹೊಟ್ಟು. ನನ್ನ ಗಂಟಲಲ್ಲಿ ಉತ್ತರವಿರಲಿಲ್ಲ, ಕೆಮ್ಮು ನಿಂತುಹೋಯಿತು. ಭಾವ ಕೈ ಮುಂದೆ ತರಲು ಅಪ್ಪಣೆ ಕೇಳಿ, ಐದನೇ ಬಟ್ಟಲಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ, ಬಿಸಿ ಉಸಿರು ಊದಿ, ಮೂಸಿದರು. ಆರನೆಯದನ್ನೂ ಹಾಗೇ ಮಾಡಿದರು. ಮತ್ತೆ ಐದನೆಯದು. ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ: ಯಾವುದಾದರೂ ಒಂದು ಹೇಳಿ ಭಾವ, ಅರ್ಧಕ್ಕರ್ಧ ಅವಕಾಶ ಇದೆ, ಒಂದು ಹೇಳಿಬಿಡಿ, ಗೇಟು ಉಳಿಯುತ್ತದೆ.

ಅವರು ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟರು.

"ಡಾಕ್ಟರಮ್ಮ, ನಂಗೆ ವಾಸನೆ ಬರಲ್ಲ. ಜ್ವರ ಬಂದು ಹೋಯ್ತು, ಮೂಗೂ ಹೋಯ್ತು. ಐವತ್ತೆರಡು ದಿನ ಆಯ್ತು ಇವತ್ತಿಗೆ. ಮಿಕ್ಕಿದ್ದೆಲ್ಲ ಕೆಮ್ಮು ಕೇಳಿ ಹೇಳಿದ್ದು. ಕೆಮ್ಮೋಕೆ ಹೇಳ್ಕೊಟ್ಟಿದ್ದು ನಾನೇ, ಇವಳ ತಪ್ಪೇನಿಲ್ಲ. ಇವೆರಡರಲ್ಲಿ ಒಂದು ಹೇಳಿಬಿಡಬಹುದಿತ್ತು, ಆದ್ರೆ ಇದು ಲಾಟರಿ ಅಲ್ಲ. ತಪ್ಪಿದ್ರೆ ಅದು ದನದ ಬಾಯಿಗೆ ಹೋಗುತ್ತೆ. ಯೂರಿಯಾ ತಿಂದ ಕರು ಹೊಟ್ಟೆ ಉಬ್ಬಿ ಒದ್ದಾಡೋದನ್ನ ಒಂದು ಸಲ ನೋಡಿದೀನಿ. ಇನ್ನೊಂದು ಸಲ ಬೇಡ."

ಯಜಮಾನರ ಮುಖ ಹತ್ತಿಯ ಹಾಗೆ ಬೆಳ್ಳಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವರ ಬಾಯಿಯೇ ಹೇಳುವಂತೆ ತೆರೆದುಕೊಂಡಿತ್ತು. ನನಗೆ ಮಾತ್ರ ಭಾವ ಹೇಳಿದ ಒಂದು ಸುಳ್ಳು ನುಂಗಲಾಗಲಿಲ್ಲ. ಹೇಳಿಕೊಟ್ಟಿದ್ದು ನಾನೇ ಎಂದರಲ್ಲ, ಅದು. "ಕೆಮ್ಮಿನ ಉಪಾಯ ನನ್ನದು" ಎಂದೆ. "ಹೀಟರ್ ಸುಟ್ಟು ಐವತ್ತು ದಿನ ಆಗಿದೆ. ರಿಜಿಸ್ಟರಲ್ಲಿ ಇರೋದೆಲ್ಲ ನಾನು ಬರೆದ ಕತೆ." ಯಜಮಾನರು ಕುರ್ಚಿ ಹುಡುಕಿ ಕೂತರು. ಹೀಟರು ಯಾಕೆ ಬರಲಿಲ್ಲ ಎಂದು ಡಾಕ್ಟರಮ್ಮ ಕೇಳಿದಾಗ ಅವರು ಫ್ಯಾನ್ ನೋಡತೊಡಗಿದರು.

ಡಾಕ್ಟರಮ್ಮ ಬಟ್ಟಲುಗಳನ್ನು ಒಂದೊಂದಾಗಿ ಮುಚ್ಚಿದರು. "ಈ ಎರಡರಲ್ಲೂ ಯೂರಿಯಾ ಇಲ್ಲ" ಎಂದರು. "ಒಂದೇ ಮೂಟೆಯದು ಎರಡೂ. ಇದುವರೆಗೆ ಹದಿನಾಲ್ಕು ಫ್ಯಾಕ್ಟರಿಯಲ್ಲಿ ಹೀಗೇ ಇಟ್ಟಿದ್ದೀನಿ. ಎಲ್ಲ ಕಡೆನೂ ಒಬ್ಬ ಮೂಗಣ್ಣ ಇದ್ದ. ಹದಿನಾಲ್ಕು ಜನನೂ ಒಂದು ಬಟ್ಟಲು ತೋರಿಸಿ ಇದೇ ಅಂದ್ರು, ಇಬ್ಬರು ಆಣೆನೂ ಮಾಡಿದ್ರು." ಆಮೇಲೆ ಯಜಮಾನರ ಕಡೆ ತಿರುಗಿ ಬೆರಳು ಮಡಿಸಿದರು. ಹೀಟರು ಇವತ್ತೇ ಬರಬೇಕು. ಯೂರಿಯಾ ಹಿಡಿಯುವ ಮದ್ದಿನ ಬಾಟಲಿಯೂ ಬರಬೇಕು. ಐವತ್ತೆರಡು ದಿನದ ಪ್ರತಿ ಲಾರಿಯಿಂದ ತೆಗೆದಿಟ್ಟ ಸ್ಯಾಂಪಲ್ಲುಗಳನ್ನು ಕುದಿಸಿ ಲೆಕ್ಕ ಕೊಡುವವರೆಗೆ ಒಂದು ಮೂಟೆಯೂ ಹೊರಗೆ ಹೋಗಕೂಡದು. ಅದೆಲ್ಲ ಸರಿಹೋದರೆ ಡೇರಿ ನಿಮ್ಮಿಂದಲೇ ತೆಗೆದುಕೊಳ್ಳುತ್ತದೆ. ಗೇಟಿನಲ್ಲಿ ಮಾತ್ರ ಈ ಮನುಷ್ಯನೇ ಇರಬೇಕು.

ಯಜಮಾನರಿಗೆ ಹೋದ ಜೀವ ಬಂತು. ನಾನು ಅತ್ತುಬಿಟ್ಟೆ. ಎಲ್ಲರೂ ಭಾವನ ಕಡೆ ನೋಡಿದೆವು, ಅವರೂ ನಗುತ್ತಾರೆಂದು. ಭಾವನ ಮುಖದಲ್ಲಿ ನಗು ಇರಲಿಲ್ಲ. ಅವರು ಆ ಎರಡು ಬಟ್ಟಲುಗಳನ್ನೇ ನೋಡುತ್ತಿದ್ದರು.

"ನಾನು ತೋ‌ರಿಸ್ತಿರಲಿಲ್ಲ" ಎಂದರು.

"ಏನು?" ಎಂದರು ಡಾಕ್ಟರಮ್ಮ.

"ಆ ಹದಿನಾಲ್ಕು ಜನ ತೋರಿಸಿದ್ರು ಅಂದ್ರಲ್ಲ. ನಂಗೆ ಮೂಗಿದ್ದಿದ್ರೆ ನಾನು ಯಾವುದನ್ನೂ ತೋರಿಸ್ತಿರಲಿಲ್ಲ ತಾಯಿ. ಎರಡೂ ಒಂದೇ ಅಂತ ಹೇಳಿರ್ತಿದ್ದೆ." ಅವರು ಒಂದು ಬಟ್ಟಲಿನ ಅಂಚನ್ನು ಬೆರಳಲ್ಲಿ ಮುಟ್ಟಿದರು. "ಹೇಳಿರ್ತಿದ್ದೆ."

ಡಾಕ್ಟರಮ್ಮ ನಂಬಿದರೋ ಇಲ್ಲವೋ, ಸುಮ್ಮನೆ ತಲೆಯಾಡಿಸಿದರು. ಆದರೆ ನನಗೆ ಗೊತ್ತು, ಅದು ನಿಜ. ಹನ್ನೆರಡು ವರ್ಷ ನಾಲ್ಕು ನಾಲ್ಕು ಗಂಟೆ ಕುದಿಸಿ ಕುದಿಸಿ ನನ್ನ ಮಿಷನ್ನು ಭಾವನ ಮೂಗೇ ಸರಿ ಎಂದು ನನಗೆ ಹೇಳುತ್ತಿತ್ತು. ಈ ಮನುಷ್ಯನಿಗೆ ಗೇಟು ಸಿಕ್ಕಿತ್ತು, ಮೂಗು ಹೋಗಿತ್ತು. ಸಿಕ್ಕಿದ್ದಕ್ಕೆ ನಾವೆಲ್ಲ ಸಂತೋಷಪಡುತ್ತಿದ್ದೆವು, ಹೋದದ್ದಕ್ಕೆ ಸಂಕಟಪಡುತ್ತ ಅವರೊಬ್ಬರೇ ನಿಂತಿದ್ದರು.

ಹೀಟರು ಮರುದಿನ ಬಂತು. ಹನ್ನೊಂದು ದಿನ ಹಗಲೆಲ್ಲ ಕೂತು ಅರವತ್ತಮೂರು ಸ್ಯಾಂಪಲ್ಲು ಕುದಿಸಿದೆ. ಎರಡು ಲಾರಿ ಮಾತ್ರ ಕಡಿಮೆ ಇತ್ತು, ಯೂರಿಯಾ ಯಾವುದರಲ್ಲೂ ಇರಲಿಲ್ಲ. ನಮ್ಮ ಜಾಣತನವಲ್ಲ ಅದು, ಹಸುಗಳ ಪುಣ್ಯ. ಭಾವ ವಾಪಸ್ ಕಳಿಸಿದ್ದ ನಾಲ್ಕರಲ್ಲಿ ಒಂದು ತುಂಬಾ ಒಳ್ಳೆಯ ಹಿಂಡಿಯಾಗಿತ್ತು. ಆ ಡ್ರೈವರು ನಿಜವಾಗಿಯೂ ಭಾವನ ಆರೋಗ್ಯವನ್ನೇ ವಿಚಾರಿಸಿದ್ದ.

ಆದರೆ ಇದೆಲ್ಲ ಆಮೇಲಿನ ಮಾತು. ಅವತ್ತು ಡಾಕ್ಟರಮ್ಮ ಹೋದ ಅರ್ಧ ಗಂಟೆಗೇ ಗೇಟಿನಲ್ಲಿ ಒಂದು ಹತ್ತಿ ಹಿಂಡಿಯ ಲಾರಿ ಬಂದು ಹಾರನ್ ಹೊಡೆಯಿತು. ಹಳೆಯ ಡ್ರೈವರು, ಹತ್ತು ವರ್ಷದಿಂದ ಬರುವವನು. ಭಾವ ಎಂದಿನಂತೆ ಹೋಗಿ, ಮೂಟೆಗೆ ಕೈ ತೂರಿಸಿ, ಒಂದು ಹಿಡಿ ತೆಗೆದು, ಉಸಿರು ಊದಿ, ಮೂಗಿಗೆ ಹಿಡಿದರು. ಬಹಳ ಹೊತ್ತು ಹಾಗೇ ನಿಂತರು.

"ಎಷ್ಟಣ್ಣ?" ಎಂದ ಡ್ರೈವರು, ಪೇಪರಿಗೆ ಸಹಿ ಹಾಕಿಸಿಕೊಳ್ಳಲು ಪೆನ್ನು ತೆಗೆದು.

ಭಾವ ಹಿಂಡಿಯನ್ನು ಮೂಟೆಗೇ ವಾಪಸ್ ಸುರಿದು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಗೊತ್ತಿಲ್ಲಪ್ಪ. ನಮ್ಮ ಲ್ಯಾಬಮ್ಮ ಹೇಳ್ತಾಳೆ. ನಾಳೆವರೆಗೂ ಕಾಯಬೇಕು."

ಡ್ರೈವರು ಮೊದಲು ನಕ್ಕ, ಮೂಗಣ್ಣ ತಮಾಷೆ ಮಾಡುತ್ತಿದ್ದಾನೆಂದು. ಆಮೇಲೆ ಅವರ ಮುಖ ನೋಡಿ ಎಂಜಿನ್ ಆಫ್ ಮಾಡಿ ಕೆಳಗಿಳಿದ.